ಮೀಟರ್ ಪಟ್ಟಿಯನ್ನು ಬೈನರಿಯೊಳಗೆ ತುಂಬಿದಾಗ: ಒಂದು ಪ್ರಕರಣ ಅಧ್ಯಯನ

ಇದು ನಾನೂ ಇದ್ದ ಒಂದು ಸಣ್ಣ ತಂಡದ ಪ್ರಕರಣ. ಕಂಪನಿ, ಜನ, ಮೀಟರ್ ಮಾಡೆಲ್ ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ನಾವು ನಾಲ್ಕು ಜನ ಸೇರಿ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಒಂದು ಟೂಲ್ ನೋಡಿಕೊಳ್ಳುತ್ತಿದ್ದೆವು. ವಿದ್ಯುತ್ ಮೀಟರಿಗೆ ಕೇಬಲ್ ಹಾಕಿ, ಅದರೊಳಗಿನ ಅಂಕಿ ಓದಿ, ಸೆಟ್ಟಿಂಗ್ ಸರಿಪಡಿಸುವ ಟೂಲ್ ಅದು. ಬಳಸುವವರು ಸ್ಥಳಕ್ಕೇ ಹೋಗಿ ಕೆಲಸ ಮಾಡುವ ಟೆಕ್ನಿಶಿಯನ್‌ಗಳು. ಹೆಚ್ಚಿನವರದು ವಿಂಡೋಸ್ ಲ್ಯಾಪ್‌ಟಾಪ್. ಕೆಲವು ಕಡೆ ಲಿನಕ್ಸ್ ಇರುವ ಪುಟ್ಟ ಪೆಟ್ಟಿಗೆಗಳಲ್ಲೂ ಇದೇ ಟೂಲ್ ಓಡುತ್ತಿತ್ತು.

ಮೀಟರ್‌ಗಳ ವಿವರವೆಲ್ಲ ಒಂದು ಜೇಸನ್ ಫೈಲಿನಲ್ಲಿತ್ತು, ಅಂದರೆ ಸಾದಾ ಪಠ್ಯವಾಗಿ ಬರೆದ ಡೇಟಾ ಫೈಲ್. ಮುಂದೆ ‘ಪಟ್ಟಿ’ ಅಂದರೆ ಇದೇ. ಸುಮಾರು ನಾಲ್ಕು ಎಂಬಿ. ಯಾವ ಮಾಡೆಲ್, ಯಾವ ರಿಜಿಸ್ಟರ್‌ನಲ್ಲಿ (ಮೀಟರ್ ಒಳಗೆ ಅಂಕಿ ಇಡುವ ಖಾನೆ) ಯಾವ ಅಂಕಿ, ಅದನ್ನು ಎಷ್ಟರಿಂದ ಗುಣಿಸಬೇಕು. ಈ ಗುಣಕ ಮುಂದೆ ಬರುತ್ತದೆ, ನೆನಪಿರಲಿ. ಮೀಟರ್ ದಶಮಾಂಶ ಕಳಿಸುವುದಿಲ್ಲ, ಬರೀ ಪೂರ್ಣಾಂಕ ಕಳಿಸುತ್ತದೆ. ರಿಜಿಸ್ಟರ್‌ನಲ್ಲಿ 412 ಅಂತ ಬಂದು, ಪಟ್ಟಿಯಲ್ಲಿ ಗುಣಕ 0.01 ಇದ್ದರೆ, ಅದು 4.12 ಆಂಪಿಯರ್. ಗುಣಕ ತಪ್ಪಿದರೆ ಟೂಲ್ ಯಾವ ಎರರ್ ಅನ್ನೂ ತೋರಿಸುವುದಿಲ್ಲ. ತಪ್ಪು ಅಂಕಿಯನ್ನೇ ಬಹಳ ಧೈರ್ಯವಾಗಿ ತೋರಿಸುತ್ತದೆ.

ಸಮಸ್ಯೆ

ರಿಲೀಸ್ ಅಂದರೆ ಒಂದು ಬೈನರಿ (ಟೂಲಿನ ನೇರ ಓಡಿಸಬಹುದಾದ ಫೈಲ್), ಪಕ್ಕದಲ್ಲೊಂದು ಜೇಸನ್ ಇರುವ ಡೇಟಾ ಫೋಲ್ಡರ್. ಜನ ಅದನ್ನು ಹಾಗೆ ನೋಡಲಿಲ್ಲ. ಪೆನ್‌ಡ್ರೈವ್‌ನಲ್ಲಿ ಬೈನರಿ ಒಂದನ್ನೇ ಹಾಕಿಕೊಂಡು ಹೋಗುತ್ತಿದ್ದರು. ‘ಸರ್, ಫೈಲ್ ಇಲ್ಲ ಅಂತಿದೆ’ ಅಂತ ಫೋನ್ ಬರುತ್ತಿತ್ತು. ಇದು ಪರವಾಗಿಲ್ಲ, ಫೈಲ್ ಇಲ್ಲ ಅಂತ ಟೂಲ್ ಆದರೂ ಹೇಳುತ್ತಿತ್ತು. ಎರಡನೆಯದು ಸ್ವಲ್ಪ ಹಾವಳಿ. ನಮ್ಮ ಕೋಡ್ ಫೈಲನ್ನು ಹುಡುಕುತ್ತಿದ್ದದ್ದು ಬೈನರಿ ಇರುವ ಜಾಗದಲ್ಲಲ್ಲ, ಟೂಲನ್ನು ಎಲ್ಲಿಂದ ಓಡಿಸಿದರೋ ಆ ಫೋಲ್ಡರಿನಲ್ಲಿ. ಡಬಲ್ ಕ್ಲಿಕ್ ಮಾಡಿದರೆ ಸರಿ, ಸ್ಕ್ರಿಪ್ಟ್‌ನಿಂದ ಓಡಿಸಿದರೆ ಇಲ್ಲ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಬೆಳಿಗ್ಗೆ ಸರಿ, ಮಧ್ಯಾಹ್ನ ಇಲ್ಲ.

ಮೂರನೆಯದು ನಿಜಕ್ಕೂ ಕೆಟ್ಟದ್ದು. ಹೊಸ ಬೈನರಿ, ಹಳೆಯ ಫೋಲ್ಡರ್. ಹೊಸ ಕೋಡ್ ಕೇಳುವ ಒಂದು ಕಾಲಂ ಹಳೆಯ ಜೇಸನ್‌ನಲ್ಲಿ ಇರಲೇ ಇಲ್ಲ. ಕೋಡ್ ಅದನ್ನು ಸುಮ್ನೆ ಸೊನ್ನೆ ಅಂದುಕೊಂಡು ಮುಂದೆ ಹೋಯಿತು.

ಮೀಟಿಂಗ್‌ನಲ್ಲಿ ಹತ್ತು ನಿಮಿಷಕ್ಕೇ ತೀರ್ಮಾನವಾಯಿತು: ಪಟ್ಟಿಯನ್ನು ಬೈನರಿಯ ಒಳಗೇ ಸೇರಿಸೋಣ. ಫೈಲ್ ಒಂದೇ ಆದರೆ ಕಳೆದುಹೋಗುವುದಕ್ಕೆ ಏನಿದೆ? ಆ ಹತ್ತು ನಿಮಿಷದಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇತ್ತು. ಈ ಪಟ್ಟಿ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ? ಕೋಡ್ ಎಷ್ಟು ದಿನಕ್ಕೊಮ್ಮೆ? ಅದನ್ನು ಕೇಳಿದ್ದರೆ ಮುಂದಿನ ಒಂದು ವರ್ಷದ ಅರ್ಧ ತಲೆನೋವು ಉಳಿಯುತ್ತಿತ್ತು.

ಮೊದಲ ದಾರಿ: ಅಂಕಿಗಳ ಸಾಲು

ಎಲ್ಲರೂ ಮೊದಲು ಹಿಡಿಯುವ ದಾರಿಯನ್ನೇ ನಾವೂ ಹಿಡಿದೆವು. ಎಕ್ಸ್‌ಎಕ್ಸ್‌ಡಿ ಅಂತ ಒಂದು ಹಳೆಯ ಕಮಾಂಡ್ ಇದೆ. ಅದಕ್ಕೆ ‘ಐ’ ಆಯ್ಕೆ ಕೊಟ್ಟರೆ ಯಾವ ಫೈಲನ್ನಾದರೂ ಸಿ ಭಾಷೆಯ ಅರೇ, ಅಂದರೆ ಸಂಖ್ಯೆಗಳ ಸಾಲು, ಮಾಡಿ ಕೊಡುತ್ತದೆ. ಒಂದೊಂದು ಬೈಟಿಗೂ ಸೊನ್ನೆ, ಎಕ್ಸ್, ಎರಡು ಅಕ್ಷರ, ಕಾಮಾ, ಸ್ಪೇಸ್. ಅಂದರೆ ಒಂದು ಬೈಟ್ ಜಾಗಕ್ಕೆ ಆರು. ನಮ್ಮ ನಾಲ್ಕು ಎಂಬಿ ಫೈಲು 24 ಎಂಬಿ ದಾಟಿದ ಸೋರ್ಸ್ ಫೈಲಾಯಿತು. ಸೋರ್ಸನ್ನು ಬೈನರಿ ಮಾಡುವ ಕಂಪೈಲರ್ ಪಾಪ, ಇದು ಸುಮ್ನೆ ಡೇಟಾ ಅಂತ ಅದಕ್ಕೆ ಗೊತ್ತಿಲ್ಲ. ನಲವತ್ತು ಲಕ್ಷ ಸಂಖ್ಯೆಗಳನ್ನು ಒಂದೊಂದಾಗಿ ಓದಿ, ಒಂದೊಂದಕ್ಕೂ ಮೆಮೊರಿಯಲ್ಲಿ ಜಾಗ ಮಾಡುತ್ತದೆ. ಬೈನರಿ ತಯಾರಿಸುವ ನಮ್ಮ ಚಿಕ್ಕ ಬಿಲ್ಡ್ ಯಂತ್ರದಲ್ಲಿ ಎರಡು ಬಿಲ್ಡ್ ಒಟ್ಟಿಗೆ ಬಂದರೆ ಮೆಮೊರಿ ಸಾಲದೆ ಒಂದು ಸತ್ತೇ ಹೋಗುತ್ತಿತ್ತು.

ಒಬ್ಬರು ‘ಅರೇ ಬೇಡ, ಉದ್ದದ ಸ್ಟ್ರಿಂಗ್ ಮಾಡೋಣ’ ಅಂದರು. ಸ್ಟ್ರಿಂಗ್ (ಅಕ್ಷರಗಳ ಸರಣಿ) ಆದರೆ ಕಂಪೈಲರ್ ಬೇಗ ಓದುತ್ತದೆ, ಮಾತು ನಿಜ. ಆದರೆ ಮೈಕ್ರೋಸಾಫ್ಟ್‌ನ ಕಂಪೈಲರ್ ಒಂದು ಸ್ಟ್ರಿಂಗಿಗೆ ಸುಮಾರು 65,535 ಬೈಟ್ ಮೇಲೆ ಬಿಡುವುದಿಲ್ಲ. ತುಂಡು ಮಾಡಿ ಆಮೇಲೆ ಜೋಡಿಸಬೇಕು. ಬಿಟ್ಟೆವು.

ಅಷ್ಟರಲ್ಲಿ ಒಂದು ವಿಚಿತ್ರ ಬಗ್ ಬಂತು. ಇಡೀ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಲಿನಕ್ಸ್ ಬಿಲ್ಡ್ ಆರು ವಾರ ಸರಿಯಾಗಿಯೇ ಓಡಿತ್ತು. ಒಂದು ದಿನ ಯಾರೋ ಪಟ್ಟಿಗೆ ಒಂದು ಮೀಟರ್ ಸೇರಿಸಿದರು. ಟೂಲ್ ಶುರುವಾಗುತ್ತಲೇ ಜೇಸನ್ ಕೆಟ್ಟಿದೆ ಅಂತ ನಿಂತಿತು. ಫೈಲನ್ನು ನೋಡಿದರೆ ಏನೂ ಕೆಟ್ಟಿಲ್ಲ. ಒಂದು ಸ್ಪೇಸ್ ಸೇರಿಸಿ ಬಿಲ್ಡ್ ಮಾಡಿದರೆ ಸರಿಯಾಗುತ್ತದೆ! ಆ ಸ್ಪೇಸ್ ತೆಗೆದರೆ ಮತ್ತೆ ಕೆಡುತ್ತದೆ. ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿ ಎರರ್ ಬಂದ ಜಾಗದ ಸುತ್ತಲಿನ ಬೈಟ್‌ಗಳನ್ನು ಪ್ರಿಂಟ್ ಮಾಡಿದಳು. ಜೇಸನ್ ಮುಗಿಯುವ ಬ್ರಾಕೆಟ್, ಒಂದು ಹೊಸ ಸಾಲು, ಆಮೇಲೆ ‘ಯೂಸೇಜ್’ ಅನ್ನುವ ಪದ.

ನಮ್ಮ ಪಟ್ಟಿಯಲ್ಲಿ ಆ ಪದ ಎಲ್ಲೂ ಇಲ್ಲ. ಅದು ಟೂಲಿನ ಹೆಲ್ಪ್ ಪಠ್ಯದ ಮೊದಲ ಪದ. ಆ ಪಠ್ಯವನ್ನೂ ಇದೇ ರೀತಿ ಒಳಗೆ ಸೇರಿಸಿದ್ದೆವು.

ಕಾರಣ ಇಷ್ಟೇ. ಎಕ್ಸ್‌ಎಕ್ಸ್‌ಡಿ ಕೊಡುವ ಅರೇಯ ಕೊನೆಯಲ್ಲಿ ಸೊನ್ನೆ ಬೈಟ್ ಇರುವುದಿಲ್ಲ. ಉದ್ದವನ್ನು ಬೇರೆ ವೇರಿಯಬಲ್‌ನಲ್ಲಿ ಕೊಡುತ್ತದೆ, ಅದನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ನಾವು ಅದನ್ನು ಬಿಟ್ಟು, ಅರೇಯನ್ನು ಸಾಮಾನ್ಯ ಸ್ಟ್ರಿಂಗ್ ಅಂತ ಜೇಸನ್ ಓದುವ ಲೈಬ್ರರಿಗೆ ಕೊಟ್ಟಿದ್ದೆವು. ಸಿ ಭಾಷೆಯ ಸ್ಟ್ರಿಂಗ್ ಮುಗಿಯುವುದು ಸೊನ್ನೆ ಬೈಟಿಗೆ, ಹಾಗಾಗಿ ಲೈಬ್ರರಿ ಸೊನ್ನೆ ಸಿಗುವ ತನಕ ಓದುತ್ತಲೇ ಹೋಗುತ್ತದೆ. ನಮ್ಮ ಬಿಲ್ಡ್‌ನಲ್ಲಿ ಪ್ರತಿ ದೊಡ್ಡ ಅರೇ 32ರ ಗುಣಿತದ ವಿಳಾಸದಲ್ಲಿ ಶುರುವಾಗುತ್ತಿತ್ತು. ಎರಡು ಅರೇ ನಡುವೆ ಉಳಿಯುವ ಜಾಗಕ್ಕೆ ಸೊನ್ನೆ ತುಂಬುತ್ತಿತ್ತು. ಅದೃಷ್ಟಕ್ಕೆ ಆ ಸೊನ್ನೆಯೇ ನಮ್ಮನ್ನು ಕಾಪಾಡುತ್ತಿತ್ತು. ಫೈಲಿನ ಉದ್ದ 32ರಿಂದ ಸರಿಯಾಗಿ ಭಾಗವಾದ ದಿನ ನಡುವೆ ಜಾಗವೇ ಇಲ್ಲ, ಸೊನ್ನೆಯೂ ಇಲ್ಲ, ನೇರ ಹೆಲ್ಪ್ ಪಠ್ಯ. ಸರಾಸರಿ 32 ಬದಲಾವಣೆಗೆ ಒಮ್ಮೆ ಬರುವ ಬಗ್. ಟೆಸ್ಟ್‌ನಲ್ಲಿ ಸಿಗದಿದ್ದದ್ದರಲ್ಲಿ ಆಶ್ಚರ್ಯವಿಲ್ಲ, ಅಲ್ವಾ?

ಕೊನೆಯಲ್ಲೊಂದು ಸೊನ್ನೆ ಅಂಟಿಸಿ ಮುಗಿಸಿದೆವು. ಅದೇ ಗಡಿಬಿಡಿಯಲ್ಲಿ ಇನ್ನೊಬ್ಬರು ಅರೇಗೆ ‘ಕಾನ್ಸ್ಟ್’ (ಇದನ್ನು ಬದಲಿಸಬಾರದು) ಅಂತ ಸೇರಿಸಿದರು. ಎಕ್ಸ್‌ಎಕ್ಸ್‌ಡಿ ತಾನಾಗಿ ಅದನ್ನು ಹಾಕುವುದಿಲ್ಲ. ಹಾಗಾಗಿ ಪಟ್ಟಿ ಅಷ್ಟು ದಿನ ಬರೆಯಲು ಅನುಮತಿ ಇರುವ ಭಾಗದಲ್ಲಿ ಕೂತಿತ್ತು. ಕಾನ್ಸ್ಟ್ ಹಾಕಿದ್ದೇ ತಡ, ಟೂಲ್ ಕ್ರ್ಯಾಶ್. ನಾವು ಬಳಸುತ್ತಿದ್ದ ಲೈಬ್ರರಿಯ ಆ ಫಂಕ್ಷನ್, ವೇಗಕ್ಕಾಗಿ ಓದುವ ಜಾಗದಲ್ಲೇ ಬರೆಯುತ್ತಿತ್ತು. ಪ್ರತಿ ಪದದ ಕೊನೆಗೆ ತಾನೇ ಒಂದು ಸೊನ್ನೆ ಇಟ್ಟುಕೊಂಡು ಹೋಗುತ್ತಿತ್ತು. ಅದು ನಮ್ಮ ಪಟ್ಟಿಯನ್ನು ತಿದ್ದುತ್ತಾ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಉದ್ದ ಕೇಳುವ, ಓದಷ್ಟೇ ಮಾಡುವ ಬೇರೆ ಫಂಕ್ಷನ್‌ಗೆ ಬದಲಾಯಿಸಿದೆವು. ಆಗ ಅಂಟಿಸಿದ ಸೊನ್ನೆಯೂ ಬೇಕಾಗಲಿಲ್ಲ.

ಎರಡನೇ ದಾರಿ, ಹಳಸಿದ ಪಟ್ಟಿ

ಬಿಲ್ಡ್ ನಿಧಾನವಾಗಿದ್ದದ್ದು ಹಾಗೇ ಉಳಿದಿತ್ತು. ಲಿನಕ್ಸ್‌ಗೆ ಅಸೆಂಬ್ಲರಿನ ‘ಇನ್‌ಬಿನ್’ ಸೂಚನೆ ಹಿಡಿದೆವು. ಫೈಲಿನ ಹೆಸರು ಹೇಳಿದರೆ ಸಾಕು, ಅಸೆಂಬ್ಲರ್ ಅದರ ಬೈಟ್‌ಗಳನ್ನು ಹಾಗೇ ಆಬ್ಜೆಕ್ಟ್ ಫೈಲಿಗೆ (ಆಮೇಲೆ ಜೋಡಿಸಿ ಬೈನರಿ ಮಾಡುವ ಬಿಡಿ ತುಂಡು) ಸುರಿಯುತ್ತದೆ. ನಲವತ್ತು ಲಕ್ಷ ಸಂಖ್ಯೆಯ ಕಥೆಯೇ ಇಲ್ಲ. ಮೈಕ್ರೋಸಾಫ್ಟ್‌ನ ಕಂಪೈಲರಿನಲ್ಲಿ ಇದಿಲ್ಲ. ಅಲ್ಲಿ ವಿಂಡೋಸ್‌ನ ರಿಸೋರ್ಸ್ ಫೈಲ್ ಬಳಸಿದೆವು, ಐಕಾನ್ ಸೇರಿಸುವ ಜಾಗದಲ್ಲೇ ಪಟ್ಟಿಯೂ ಸೇರಿತು. ಎರಡು ದಾರಿಯ ಮೇಲೂ ಒಂದೇ ಫಂಕ್ಷನ್ ಮುಚ್ಚಳ: ಎಲ್ಲಿ ಶುರು, ಎಷ್ಟು ಉದ್ದ.

ಬಿಲ್ಡ್ ಮೊದಲಿನ ವೇಗಕ್ಕೆ ಬಂತು. ಎಲ್ಲರಿಗೂ ಖುಷಿ. ಮುಂದಿನ ರಿಲೀಸ್‌ನ ಟಿಪ್ಪಣಿಯಲ್ಲಿ ‘12 ಹೊಸ ಮೀಟರ್ ಸೇರಿಸಲಾಗಿದೆ’ ಅಂತ ಬರೆದು ಕಳಿಸಿದೆವು. ಲಿನಕ್ಸ್ ಬೈನರಿಯಲ್ಲಿ ಹನ್ನೆರಡರಲ್ಲಿ ಒಂದೂ ಇರಲಿಲ್ಲ.

ಕಂಪೈಲರ್ ತಾನು ಓದಿದ ಹೆಡರ್ ಫೈಲ್‌ಗಳ ಪಟ್ಟಿ ಕೊಡುತ್ತದೆ, ಬಿಲ್ಡ್ ನಡೆಸುವ ಮೇಕ್ ಅನ್ನುವ ಪ್ರೋಗ್ರಾಂ ಅದನ್ನು ನೋಡಿ ಯಾವುದನ್ನು ಮತ್ತೆ ಕಂಪೈಲ್ ಮಾಡಬೇಕು ಅಂತ ತಿಳಿದುಕೊಳ್ಳುತ್ತದೆ. ಇನ್‌ಬಿನ್ ಫೈಲ್ ಆ ಪಟ್ಟಿಗೆ ಬರುವುದಿಲ್ಲ. ಜೇಸನ್ ಬದಲಾಗಿದೆ, ಅದನ್ನು ಎಳೆದುಕೊಳ್ಳುವ ಎರಡು ಸಾಲಿನ ಅಸೆಂಬ್ಲಿ ಫೈಲ್ ಬದಲಾಗಿಲ್ಲ. ಮೇಕ್‌ನ ಲೆಕ್ಕದಲ್ಲಿ ಮಾಡುವುದಕ್ಕೆ ಕೆಲಸವೇ ಇಲ್ಲ. ಬಿಲ್ಡ್ ಯಂತ್ರ ಹಳೆಯ ಆಬ್ಜೆಕ್ಟ್ ಫೈಲನ್ನೇ ಮತ್ತೆ ಮತ್ತೆ ಜೋಡಿಸುತ್ತಿತ್ತು. ಮೊದಲು ಫೈಲ್ ಹೊರಗಿದ್ದಾಗ ಹಳೆಯದೋ ಹೊಸದೋ ಅಂತ ಎಡಿಟರ್‌ನಲ್ಲಿ ತೆರೆದು ನೋಡಬಹುದಿತ್ತು. ಈಗ ಅದು ಹೊಟ್ಟೆಯೊಳಗಿದೆ.

ಇಲ್ಲಿ ನಾವು ತಗೊಂಡ ತೀರ್ಮಾನ ಸರಿಯಾಗಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಮೇಕ್ ಫೈಲಿಗೆ ಕಾಣೆಯಾಗಿದ್ದ ಸಾಲು ಸೇರಿಸಿದ್ದು ಸರಿ, ಅದಕ್ಕೇ ನಿಲ್ಲಲಿಲ್ಲ. ತನ್ನೊಳಗಿನ ಪಟ್ಟಿಯ ಎಸ್‌ಎಚ್‌ಎ 256 ಹ್ಯಾಶ್ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕುವ, ಬೆರಳಚ್ಚಿನಂಥ ಗುರುತು) ಹೇಳುವ ಒಂದು ಆಯ್ಕೆಯನ್ನು ಟೂಲಿಗೇ ಕೊಟ್ಟೆವು. ಬಿಲ್ಡ್ ಮುಗಿದ ಮೇಲೆ ಒಂದು ಸ್ಕ್ರಿಪ್ಟ್ ಬೈನರಿಯನ್ನು ಓಡಿಸಿ, ಅದು ಹೇಳುವ ಹ್ಯಾಶ್ ಮತ್ತು ರೆಪೊಸಿಟರಿಯಲ್ಲಿರುವ ಫೈಲಿನ ಹ್ಯಾಶ್ ಒಂದೇನಾ ಅಂತ ನೋಡುತ್ತದೆ. ಬೇರೆಯಾದರೆ ರಿಲೀಸ್ ಇಲ್ಲ.

ಆ ಸ್ಕ್ರಿಪ್ಟ್ ಮೊದಲ ದಿನವೇ ವಿಂಡೋಸ್ ಬಿಲ್ಡನ್ನು ತಡೆಯಿತು. ಪಟ್ಟಿ ಹೊಸದೇ, ಹ್ಯಾಶ್ ಮಾತ್ರ ಬೇರೆ. ನೋಡಿದರೆ ಕೋಡಿನ ಆವೃತ್ತಿಗಳನ್ನು ಇಟ್ಟುಕೊಳ್ಳುವ ಗಿಟ್ ವಿಂಡೋಸ್‌ನಲ್ಲಿ ಫೈಲ್ ಇಳಿಸುವಾಗ ಪ್ರತಿ ಸಾಲಿನ ಕೊನೆಗೂ ಒಂದು ಬೈಟ್ ಹೆಚ್ಚು ಸೇರಿಸುತ್ತಿತ್ತು. ಆ ಫೈಲನ್ನು ಮುಟ್ಟಬೇಡ ಅಂತ ಗಿಟ್‌ನ ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಒಂದು ಸಾಲು ಬರೆದೆವು.

ಈ ನಡುವೆ ಆ ಹೊಸ ಹುಡುಗಿ ಒಂದು ಒಳ್ಳೆಯ ಪ್ರಸ್ತಾಪ ಇಟ್ಟಳು. ಜೇಸನ್ ಯಾಕೆ ಒಳಗೆ ಹೋಗಬೇಕು? ಬಿಲ್ಡ್ ಸಮಯದಲ್ಲೇ ಅದನ್ನು ಓದಿ, ನೇರ ಸ್ಟ್ರಕ್ಟ್‌ಗಳ ಟೇಬಲ್ ಆಗಿ ಬರೆದುಬಿಡೋಣ, ಟೂಲ್ ಶುರುವಾಗುವಾಗ ಪಾರ್ಸ್ ಮಾಡುವ ಕೆಲಸವೇ ಇರುವುದಿಲ್ಲ. ಮಾಡಿಯೂ ತೋರಿಸಿದಳು, ಟೂಲ್ ಕಣ್ಣಿಗೆ ಕಾಣುವಷ್ಟು ಬೇಗ ಶುರುವಾಗುತ್ತಿತ್ತು. ಆದರೂ ನಾವು ಅದನ್ನು ತಗೊಳ್ಳಲಿಲ್ಲ. ಮುಂದಿನ ಭಾಗದಲ್ಲಿ ಬರುವ ಹೊರಗಿನ ಫೈಲಿಗೆ ಜೇಸನ್ ಓದುವ ಕೋಡ್ ಹೇಗೂ ಬೇಕಿತ್ತು. ಒಂದೇ ಪಟ್ಟಿಯನ್ನು ಎರಡು ಬೇರೆ ಕೋಡ್ ಓದಿದರೆ, ಒಂದು ದಿನ ಎರಡೂ ಬೇರೆ ಬೇರೆ ಉತ್ತರ ಕೊಡುತ್ತವೆ. ಅವಳ ಕೆಲಸದ ಒಂದು ಭಾಗ ಮಾತ್ರ ಉಳಿಸಿಕೊಂಡೆವು, ಪಟ್ಟಿಯನ್ನು ಬಿಲ್ಡ್ ಸಮಯದಲ್ಲಿ ತಪಾಸಣೆ ಮಾಡುವುದು. ಮಾಡೆಲ್ ಹೆಸರು ಎರಡು ಸಲ ಬಂದಿದೆಯಾ, ಗುಣಕ ಸೊನ್ನೆಯಾ, ಬೇಕಾದ ಕಾಲಂ ಇದೆಯಾ. ತಪ್ಪಿದ್ದರೆ ಬಿಲ್ಡ್ ನಿಲ್ಲುತ್ತದೆ. ಮೊದಲ ಓಟಕ್ಕೇ ಒಂಬತ್ತು ತಪ್ಪು ಸಿಕ್ಕವು, ಕೆಲವು ವರ್ಷಗಳಿಂದ ಅಲ್ಲೇ ಇದ್ದವು.

ತಿರುವು

ಈಗ ಆ ಕೇಳದೇ ಬಿಟ್ಟ ಪ್ರಶ್ನೆ. ಬೈನರಿ ಮೂರು ತಿಂಗಳಿಗೊಮ್ಮೆ ರಿಲೀಸ್. ಪಟ್ಟಿ ವಾರಕ್ಕೊಮ್ಮೆ ಬದಲು. ಫೈಲ್ ಹೊರಗಿದ್ದಾಗ ಡೇಟಾ ನೋಡಿಕೊಳ್ಳುವವರು ಹೊಸ ಜೇಸನ್ ಮೇಲ್ ಮಾಡಿದರೆ ಮುಗಿಯಿತು. ಈಗ ಒಂದು ಗುಣಕ ತಿದ್ದಬೇಕಾದರೂ ಇಡೀ ಬೈನರಿ ಬಿಲ್ಡ್ ಆಗಬೇಕು, ಟೆಸ್ಟ್ ಆಗಬೇಕು, ಸಹಿ ಆಗಬೇಕು. ಹೊಸ ಮೀಟರ್ ಮುಂದೆ ನಿಂತ ಟೆಕ್ನಿಶಿಯನ್ ಮೂರು ತಿಂಗಳು ಕಾಯುತ್ತಾನಾ?

ಒತ್ತಡಕ್ಕೆ ಸಿಕ್ಕಿ ಒಂದು ಮಧ್ಯಾಹ್ನ ನಾನೇ ಐದು ಸಾಲಿನ ಪರಿಹಾರ ಬರೆದೆ. ಬೈನರಿಯ ಪಕ್ಕದಲ್ಲಿ ಜೇಸನ್ ಇದ್ದರೆ ಅದನ್ನು ಬಳಸು, ಇಲ್ಲದಿದ್ದರೆ ಒಳಗಿನದು. ಎಲ್ಲರೂ ಒಪ್ಪಿದರು. ಡೇಟಾದವರು ಮತ್ತೆ ಮೇಲ್ ಕಳಿಸಲು ಶುರು ಮಾಡಿದರು. ಐದಾರು ತಿಂಗಳು ಯಾರೂ ದೂರಲಿಲ್ಲ.

ಆಮೇಲೆ ಒಂದು ಸೈಟಿನಿಂದ ಫೋನ್. ಒಂದು ಮೀಟರ್ 41.2 ಆಂಪಿಯರ್ ತೋರಿಸುತ್ತಿದೆ, ಕ್ಲಾಂಪ್ ಮೀಟರ್ ಹಾಕಿ ಅಳೆದರೆ ನಾಲ್ಕು ಚಿಲ್ಲರೆ. ಮೊದಲ ದಿನ ವೈರಿಂಗ್ ಮೇಲೆ ಅನುಮಾನ ಪಟ್ಟೆವು. ಎರಡನೇ ದಿನ ಮೀಟರನ್ನೇ ಬದಲಾಯಿಸಿದರು. ಹೊಸ ಮೀಟರೂ ಅದನ್ನೇ ಹೇಳಿತು. ‘ನಿಮ್ಮ ಟೂಲ್ ಹೊಸದೇನಾ?’ ಅಂದರೆ, ‘ಹೌದು ಸರ್, ಹೋದ ವಾರವೇ ಹಾಕಿದ್ದು’ ಅಂದರು. ಅದು ನಿಜ. ಆ ಹೊಸ ಬೈನರಿಯ ಒಳಗೆ ಗುಣಕ ಸರಿಯಾಗಿಯೇ 0.01 ಇತ್ತು.

ಪಕ್ಕದಲ್ಲೊಂದು ಜೇಸನ್ ಇತ್ತು. ತಿಂಗಳುಗಳ ಹಿಂದೆ ಒಂದು ಹೊಸ ಮಾಡೆಲ್‌ಗಾಗಿ ಅವರಿಗೆ ನಾವೇ ಕಳಿಸಿದ್ದು. ಅದರಲ್ಲಿ ಈ ಮೀಟರಿನ ಗುಣಕ 0.1. ತಿದ್ದಿದ ಪಟ್ಟಿ ಒಳಗಿದ್ದರೂ ಹಳೆಯದು ಅದರ ಮೇಲೆ ಕೂತಿತ್ತು. ನನ್ನ ಐದು ಸಾಲು ಹೇಳಿದ ಹಾಗೇ ನಡೆದುಕೊಂಡಿತ್ತು.

ಅವರೇನೂ ತಪ್ಪು ಮಾಡಿರಲಿಲ್ಲ. ಕಳಿಸಿದ್ದನ್ನು ಹೇಳಿದ ಜಾಗದಲ್ಲಿ ಇಟ್ಟಿದ್ದರು. ಅದನ್ನು ಯಾವಾಗ ತೆಗೆಯಬೇಕು ಅಂತ ಯಾರೂ ಹೇಳಿರಲಿಲ್ಲ. ಅದು ಎರಡು ದಿನ ಮತ್ತು ಒಂದು ಮೀಟರ್ ತಿಂದಿತು. 41 ಆಂಪಿಯರ್ ಅಲ್ಲದೆ, ನಂಬುವಂಥ ಅಂಕಿ ಯಾವುದಾದರೂ ಬಂದಿದ್ದರೆ ಯಾರೂ ಫೋನೇ ಮಾಡುತ್ತಿರಲಿಲ್ಲ.

ಏನು ಬದಲಾಯಿಸಿದೆವು

ಹೊರಗಿನ ಫೈಲ್ ಬೇಡವೇ ಬೇಡ ಅನ್ನುವುದು ಒಂದು ಪಕ್ಷ. ಮೊದಲಿನ ಹಾಗೆ ಹೊರಗೇ ಇಡೋಣ ಅನ್ನುವುದು ಇನ್ನೊಂದು. ಎರಡು ದಿನ ವಾದ ನಡೆಯಿತು. ಕೊನೆಗೆ ಎಲ್ಲಿಡಬೇಕು ಅನ್ನುವ ಮಾತು ಬಿಟ್ಟು, ಎರಡು ಪಟ್ಟಿ ಇದ್ದಾಗ ಯಾವುದು ಗೆಲ್ಲಬೇಕು ಅನ್ನುವುದನ್ನು ಹಿಡಿದೆವು. ‘ಪಕ್ಕದಲ್ಲಿದೆ’ ಅನ್ನುವುದು ಗೆಲ್ಲಲು ಕಾರಣವೇ ಅಲ್ಲ. ಹೊಸದಾಗಿರುವುದು ಕಾರಣ.

ಪಟ್ಟಿಯ ತಲೆಗೆ ಎರಡು ಸಂಖ್ಯೆ ಬಂದವು. ಒಂದು ಕ್ರಮಸಂಖ್ಯೆ, ಪಟ್ಟಿ ಬದಲಾದಾಗಲೆಲ್ಲ ಒಂದು ಏರುತ್ತದೆ. ಒಳಗಿನದು, ಹೊರಗಿನದು ಎರಡನ್ನೂ ನೋಡಿ ಟೂಲ್ ದೊಡ್ಡ ಸಂಖ್ಯೆಯದನ್ನು ತಗೊಳ್ಳುತ್ತದೆ. ಹಳೆಯದೇ ಬೇಕು ಅನ್ನುವವರು ಕಮಾಂಡ್‌ನಲ್ಲಿ ಬಾಯಿಬಿಟ್ಟು ಹೇಳಬೇಕು. ಎರಡನೆಯದು ರಚನೆಯ ಸಂಖ್ಯೆ, ಕಾಲಂಗಳು ಬದಲಾದಾಗ ಮಾತ್ರ ಏರುತ್ತದೆ. ತನಗೆ ಗೊತ್ತಿಲ್ಲದ ರಚನೆಯ ಫೈಲ್ ಸಿಕ್ಕರೆ ಟೂಲ್ ಅದನ್ನು ಬಿಟ್ಟು, ಬಿಟ್ಟಿದ್ದೇನೆ ಅಂತ ಹೇಳುತ್ತದೆ. ಇಲ್ಲದ ಕಾಲಂ ಅಂದರೆ ಸೊನ್ನೆ ಅನ್ನುವ ಹಳೆಯ ಚಾಳಿ ಅಲ್ಲಿಗೆ ನಿಂತಿತು.

ದಿನಾಂಕ ಯಾಕೆ ಬಳಸಲಿಲ್ಲ ಅಂತ ಕೆಲವರು ಕೇಳಿದ್ದಾರೆ. ಪೆನ್‌ಡ್ರೈವ್‌ನಿಂದ ಫೋಲ್ಡರಿಗೆ, ಮೇಲ್‌ನಿಂದ ಡೌನ್‌ಲೋಡಿಗೆ ಹೋಗುವಾಗ ಫೈಲಿನ ದಿನಾಂಕ ಬದಲಾಗಿಬಿಡಬಹುದು. ಹಳೆಯ ಫೈಲನ್ನು ಇವತ್ತು ಡೌನ್‌ಲೋಡ್ ಮಾಡಿದರೆ ಅದಕ್ಕೆ ಇವತ್ತಿನ ದಿನಾಂಕ.

ಇನ್ನೊಂದು ಬದಲಾವಣೆ ತೀರಾ ಚಿಕ್ಕದು, ಪ್ರಯೋಜನ ಮಾತ್ರ ಜಾಸ್ತಿ. ಟೂಲ್ ಶುರುವಾದಾಗ ಒಂದು ಸಾಲು ತೋರಿಸುತ್ತದೆ: ಪಟ್ಟಿ ಒಳಗಿನದೋ ಹೊರಗಿನದೋ, ಕ್ರಮಸಂಖ್ಯೆ ಎಷ್ಟು, ಹ್ಯಾಶ್‌ನ ಮೊದಲ ಎಂಟು ಅಕ್ಷರ. ಪ್ರತಿ ರಿಪೋರ್ಟಿನ ಅಡಿಯಲ್ಲೂ ಅದೇ ಸಾಲು. ಈಗ ಫೋನ್ ಬಂದರೆ ನಾವು ಕೇಳುವ ಮೊದಲ ಮಾತು, ‘ಆ ಸಾಲು ಓದಿ’.

ಒಂದು ಅಡ್ಡಮಾತು. ಪಟ್ಟಿಯಲ್ಲಿ ಕೆಲವು ಮೀಟರ್‌ಗಳ ಸರ್ವಿಸ್ ಪಾಸ್‌ವರ್ಡ್ ಕೂಡ ಇದ್ದವು. ಬೈನರಿಯೊಳಗೆ ಹೋದ ಮೇಲೆ ‘ಇನ್ನು ಯಾರಿಗೂ ಕಾಣಲ್ಲ’ ಅಂತ ಒಬ್ಬರು ನೆಮ್ಮದಿಯಾಗಿದ್ದರು. ಬೈನರಿಯೊಳಗೆ ಓದಲು ಬರುವ ಪಠ್ಯವನ್ನು ಹೊರಗೆ ತೋರಿಸುವ ‘ಸ್ಟ್ರಿಂಗ್ಸ್’ ಕಮಾಂಡ್ ಓಡಿಸಿ ತೋರಿಸಿದೆ. ಎಲ್ಲವೂ ಸಾಲಾಗಿ ಬಂದವು. ಅವನ್ನು ಪಟ್ಟಿಯಿಂದಲೇ ತೆಗೆದೆವು.

ಈಗಿನ ಸ್ಥಿತಿ

ಬೇರೆ ಭಾಷೆಗಳಲ್ಲಿ ಈ ಕೆಲಸದ ಅರ್ಧ ಕಷ್ಟ ಇಲ್ಲ. ರಸ್ಟ್‌ನಲ್ಲಿ ‘ಇನ್‌ಕ್ಲೂಡ್ ಬೈಟ್ಸ್’ ಇದೆ, ಉದ್ದವೂ ಜೊತೆಗೇ ಬರುತ್ತದೆ. ಗೋ ಭಾಷೆಗೆ 2021ರಲ್ಲಿ, 1.16ನೇ ಆವೃತ್ತಿಯಲ್ಲಿ, ಎಂಬೆಡ್ ಬಂತು. ಎರಡರಲ್ಲೂ ಫೈಲ್ ಬದಲಾದರೆ ಬಿಲ್ಡ್‌ಗೆ ತಾನಾಗೇ ಗೊತ್ತಾಗುತ್ತದೆ. ಸಿ ಭಾಷೆಗೂ ಸಿ23 ಮಾನದಂಡದಲ್ಲಿ ಎಂಬೆಡ್ ಸೂಚನೆ ಸೇರಿದೆ. ಕ್ಲ್ಯಾಂಗ್ 19 ಮತ್ತು ಜಿಸಿಸಿ 15ರಿಂದ ಅದನ್ನು ಬಳಸಬಹುದು. ಲಿನಕ್ಸ್ ಬಿಲ್ಡ್‌ನಲ್ಲಿ ಇನ್‌ಬಿನ್ ತೆಗೆದು ಅದನ್ನು ಹಾಕುವ ಮಾತು ನಡೆದಿದೆ. ವಿಂಡೋಸ್‌ನಲ್ಲಿ ರಿಸೋರ್ಸ್ ಫೈಲ್ ಚೆನ್ನಾಗಿಯೇ ಇದೆ, ಅದನ್ನು ಯಾರೂ ಮುಟ್ಟುವ ಹಾಗೆ ಕಾಣುವುದಿಲ್ಲ. ಇವು ಯಾವುವೂ ನಮ್ಮ 41.2 ಆಂಪಿಯರನ್ನು ತಡೆಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಒಂದು ತೊಂದರೆ ಉಳಿದೇ ಇದೆ. ಕ್ರಮಸಂಖ್ಯೆ ನೋಡುವುದು ಹೊಸ ಬೈನರಿಗೆ ಮಾತ್ರ ಗೊತ್ತು. ನನ್ನ ಐದು ಸಾಲು ಇರುವ ಹಳೆಯ ಬೈನರಿಗಳು ಇನ್ನೂ ಕೆಲವು ಲ್ಯಾಪ್‌ಟಾಪ್‌ಗಳಲ್ಲಿವೆ. ಅವು ಪಕ್ಕದಲ್ಲಿ ಏನು ಸಿಕ್ಕರೂ ನಂಬುತ್ತವೆ. ಡೇಟಾದವರು ಈಗ ಕಳಿಸುವ ಫೈಲಿಗೆ ಬೇರೆ ಹೆಸರು ಇಟ್ಟಿದ್ದೇವೆ. ಹೊಸ ಬೈನರಿ ಆ ಹೆಸರನ್ನೇ ಹುಡುಕುತ್ತದೆ, ಹಳೆಯದಕ್ಕೆ ಅದು ಕಾಣುವುದೇ ಇಲ್ಲ. ಹಾಗಾಗಿ ಹಳೆಯ ಟೂಲ್ ಇರುವವರು ‘ನೀವು ಕಳಿಸಿದ ಮೀಟರ್ ಪಟ್ಟಿಯಲ್ಲಿ ಬರ್ತಾ ಇಲ್ಲ’ ಅಂತ ಫೋನ್ ಮಾಡುತ್ತಾರೆ. ಆಗ ಹೊಸ ಬೈನರಿ ಕಳಿಸುತ್ತೇವೆ, ಪಕ್ಕದ ಹಳೆಯ ಜೇಸನ್ ಅಳಿಸಿ ಅಂತಲೂ ಹೇಳುತ್ತೇವೆ. ಹೋದ ತಿಂಗಳು ಅಂಥ ಫೋನ್ ಎರಡು ಬಂದವು.